ಥೈರಾಯ್ಡ್ ಗ್ರಂಥಿಯೂ ಮಗುವಿನ ಮನಸ್ಸೂ

ಪಾಠದಲ್ಲಿ ಹಿಂದುಳಿದ ಮಗುವನ್ನು ಮಂದಬುದ್ಧಿಯೆಂದೂ, ಒಂದೆಡೆ ಕುಳಿತಿರಲಾರದ ಮಗುವನ್ನು ತುಂಟನೆಂದೂ ಕರೆಯುವುದು ಸುಲಭ. ಆದರೆ ಮನಸ್ಸಿನ ವ್ಯಾಪಾರಕ್ಕೆ ದೇಹವೇ ಆಧಾರ. ಕೊರಳಿನ ಮುಂಭಾಗದಲ್ಲಿರುವ, ಚಿಟ್ಟೆಯಾಕಾರದ ಥೈರಾಯ್ಡ್ ಎಂಬ ನಿರ್ನಾಳ ಗ್ರಂಥಿಯು ಇದಕ್ಕೆ ಉತ್ತಮ ನಿದರ್ಶನ.

ಈ ಗ್ರಂಥಿಯು ರಕ್ತದಿಂದ ಅಯೋಡಿನ್ನನ್ನು ಹೀರಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅಮೆರಿಕದ ಎಡ್ವರ್ಡ್ ಕೆಂಡಾಲ್ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1914ರಲ್ಲಿ. ಇದರ ಅಣುವಿನಲ್ಲಿ 4 ಅಯೋಡಿನ್ ಪರಮಾಣುಗಳಿವೆ. ಮಿದುಳಿನ ಕಿಣ್ವವೊಂದು ಅವುಗಳಲ್ಲಿ ಒಂದನ್ನು ಕಳಚಿದಾಗ ಹೆಚ್ಚು ಪ್ರಬಲವಾದ ಹಾರ್ಮೋನು ಉಂಟಾಗಿ, ಜೀವಕೋಶದ ಕೇಂದ್ರವನ್ನು ಹೊಕ್ಕು ಜೀನುಗಳ ಕಾರ್ಯವನ್ನು ನಿಯಂತ್ರಿಸುತ್ತದೆ. ನರಕೋಶಗಳು ತಮ್ಮ ಸ್ಥಾನ ಸೇರುವುದು, ಕವಲೊಡೆಯುವುದು, ನರತಂತುಗಳಿಗೆ ಹೊದಿಕೆ ಬೆಳೆಯುವುದು ಇದನ್ನೇ ಅವಲಂಬಿಸಿವೆ. ಸಂದೇಶವಾಹಕಗಳಾದ ಸೆರಟೋನಿನ್, ನಾರ್‌ಅಡ್ರಿನಲಿನ್‌ಗಳ ಮೇಲೂ ಇದರ ಪ್ರಭಾವವುಂಟು.

ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ತಾಯಿಯ ಹಾರ್ಮೋನೇ ಗತಿ. ತಾಯಿಗೆ ಅಯೋಡಿನ್ನಿನ ತೀವ್ರ ಕೊರತೆಯಾದರೆ ಮಗುವಿಗೆ ಬುದ್ಧಿಮಾಂದ್ಯ, ಕಿವುಡುತನಗಳು ಒದಗಬಹುದು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಸಂಗಡಿಗರೂ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗವನ್ನು ಆರಂಭಿಸಿದರು. ಆ ಉಪ್ಪನ್ನು ಉಂಡ ಪ್ರದೇಶಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಜಾರಿಗೆ ಬಂದಿತು.

ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಗ್ರಂಥಿ ಇರುವುದಿಲ್ಲ, ಇದ್ದರೂ ದುರ್ಬಲವಾಗಿರುತ್ತದೆ. ಅವು ಜನನಕಾಲದಲ್ಲಿ ಬಹುಮಟ್ಟಿಗೆ ಆರೋಗ್ಯವಂತವಾಗಿಯೇ ಕಾಣುತ್ತವೆ, ಅಪಾಯವಿರುವುದು ಅಲ್ಲಿಯೇ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಿಂದ ದೋಷವನ್ನು ಗುರುತಿಸಿ, ಮೊದಲ 2 ವಾರಗಳೊಳಗೆ ಥೈರಾಕ್ಸಿನ್ ಮಾತ್ರೆ ಆರಂಭಿಸಿದರೆ ಮಗುವಿನ ಬುದ್ಧಿ ಸಾಮಾನ್ಯವಾಗಿ ಬೆಳೆಯಬಲ್ಲದು. ತಿಂಗಳುಗಳು ಕಳೆದರೆ ಆದ ಹಾನಿಯನ್ನು ಪೂರ್ಣವಾಗಿ ತುಂಬಲಾಗದು.

ಹಾರ್ಮೋನಿಗೆ ದೇಹವು ಸರಿಯಾಗಿ ಸ್ಪಂದಿಸದ ಅಪರೂಪದ ಆನುವಂಶಿಕ ದೋಷವೂ ಒಂದುಂಟು. ಅಂಥವರಲ್ಲಿ ಚಂಚಲತೆ, ಅತಿಚಟುವಟಿಕೆಗಳು ಹೆಚ್ಚೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ಚಂಚಲರಾದ ಬಹುಪಾಲು ಮಕ್ಕಳ ಥೈರಾಯ್ಡ್ ಸಹಜವಾಗಿಯೇ ಇರುತ್ತದೆ. ಆದುದರಿಂದ ಪರೀಕ್ಷೆಯಿಲ್ಲದೆ ಔಷಧ ಸಲ್ಲದು.

ಶಿಕ್ಷಕರು ವೈದ್ಯರಾಗಬೇಕಿಲ್ಲ. ಎತ್ತರ ಬೆಳೆಯುವುದು ನಿಂತ, ಸದಾ ದಣಿದಿರುವ, ಚಳಿ ತಾಳದ ಮಗು ಓದಿನಲ್ಲಿ ಹಿಂದೆ ಬಿದ್ದರೆ ಗ್ರಂಥಿಯ ಕೆಲಸ ಕುಂದಿರಬಹುದು. ಊಟ ಚೆನ್ನಾಗಿದ್ದೂ ತೂಕ ಇಳಿದು, ಕೈ ನಡುಗಿ, ಚಡಪಡಿಸುವ ಮಗುವಿನಲ್ಲಿ ಅದು ಮಿತಿಮೀರಿರಬಹುದು. ಇವನ್ನು ಗಮನಿಸಿ ಪೋಷಕರಿಗೆ ತಿಳಿಸಿದರೆ, ದಂಡನೆಗೆ ಗುರಿಯಾಗಬಹುದಾಗಿದ್ದ ಮಗುವಿಗೆ ಚಿಕಿತ್ಸೆ ದೊರೆಯುತ್ತದೆ.