ಉಳಿದ ಹೊತ್ತು ಯಾರ ಪಾಲಿಗೆ?

ಆಗಿನ ಕಾಲ ಚಲೋ ಇತ್ತೋ, ಈಗಿನದು ಚಲೋ ಇದೆಯೋ ಎಂದು ವಯಸ್ಸಾದವರನ್ನು ಎಲ್ಲರೂ ಕೇಳುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲೇ ಬಾಳಿ ಮುಪ್ಪಾದ ನನಗೆ ಈ ಪ್ರಶ್ನೆ ಅರ್ಧವೇ ಆಯಿತು ಅನ್ನಿಸುತ್ತದೆ. ಚಲೋ ಇತ್ತು ಎಂದರೆ ಯಾರಿಗೆ? ಅಗಸಿಯ ಕಟ್ಟೆಯ ಮೇಲೆ ಕೂತು ಊರಿನ ಸುದ್ದಿ ಮಾತಾಡುತ್ತಿದ್ದವರಿಗೋ, ಅದೇ ಹೊತ್ತಿಗೆ ಒಲೆಯ ಮುಂದೆ ಕೂತಿದ್ದವರಿಗೋ? ಒಂದೇ ಮನೆಯಲ್ಲಿ ಎರಡು ನಮೂನೆಯ ಕಾಲ ಸಾಗುತ್ತಿತ್ತು. ಅದಕ್ಕೇ ಕಾಲವನ್ನು ಅಳೆಯಲು ನಾನೀಗ ಒಂದೇ ಅಳತೆ ಹಿಡಿದಿದ್ದೇನೆ. ಬೆಳಗಿನಿಂದ ರಾತ್ರಿಯವರೆಗೆ ಮನೆಯ ಹೆಣ್ಣುಮಗಳಿಗೆ ತನ್ನದು ಎನ್ನುವ ಹೊತ್ತು ಎಷ್ಟು ಉಳಿಯಿತು? ಈ ಅಳತೆಯಲ್ಲಿ ಹಿಂದಿನ ದಿನಗಳು ಸೋಲುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈಗಿನ ದಿನಗಳೂ ಅಂದುಕೊಂಡಷ್ಟು ಗೆದ್ದಿಲ್ಲ. ಗಿರಣಿ, ನಳ, ಗ್ಯಾಸು ಉಳಿಸಿಕೊಟ್ಟ ಹೊತ್ತು ಅವಳ ಕೈಗೆ ಬರುವ ಮೊದಲೇ ಬೇರೆ ಯಾರದೋ ಪಾಲಾಗಿದೆ.

ಬೀಸುವ ಕಲ್ಲಿನಿಂದಲೇ ಹೇಳುತ್ತೇನೆ. ನಮ್ಮದು ಜೋಳದ ನಾಡು, ಎರಿ ಹೊಲದ ಬಿಳಿಜೋಳ. ಜೋಳದ ಹಿಟ್ಟನ್ನು ಬಹಳ ದಿನ ಇಡಲು ಬರುವುದಿಲ್ಲ. ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಹರಿಯುತ್ತದೆ. ಆದ್ದರಿಂದ ಒಂದು ದಿನ ಬೀಸಿ ಎಂಟು ದಿನ ಉಣ್ಣುವ ಅನುಕೂಲ ಇರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಅಂದಿನದನ್ನು ಅಂದೇ ಬೀಸಬೇಕು. ಬಸುರಿ ಇರಲಿ, ಬಾಣಂತನ ಮುಗಿಸಿ ಎದ್ದವಳಿರಲಿ, ಜ್ವರ ಬಂದವಳಿರಲಿ, ಕಲ್ಲು ಯಾರಿಗೂ ರಜೆ ಕೊಡುತ್ತಿರಲಿಲ್ಲ. ಬೀಸಿದ ಮೇಲೆ ನೀರು, ಸೆಗಣಿ, ರೊಟ್ಟಿ, ಹೊಲದ ಬುತ್ತಿ. ಎಲ್ಲರದೂ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದು ಅವಳ ಊಟ. ಆಗಿನ ಹೆಂಗಸರು ಎಷ್ಟು ಗಟ್ಟಿಮುಟ್ಟಾಗಿದ್ದರು, ಬೀಸುವುದೇ ಅವರಿಗೆ ವ್ಯಾಯಾಮವಾಗಿತ್ತು ಎಂದು ಈಗ ಹೇಳುವವರಿದ್ದಾರೆ. ಹೊಟ್ಟೆ ತುಂಬ ಉಂಡು, ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ಇದ್ದರೆ ಅದು ವ್ಯಾಯಾಮ. ಕೊನೆಗೆ ಉಣ್ಣುವವಳು, ನಿಲ್ಲಿಸುವ ಮಾತೇ ಇಲ್ಲದೆ ಮಾಡುವುದು ದುಡಿತ. ಗಟ್ಟಿಯಾಗಿ ಬದುಕಿ ಉಳಿದವರು ಕಣ್ಣಿಗೆ ಕಾಣುತ್ತಾರೆ. ನಡು ಬಿದ್ದು, ಹೆರಿಗೆಯಲ್ಲಿ ಸೋತು ಹೋದವರ ಲೆಕ್ಕ ಯಾರೂ ಇಡಲಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಕಲ್ಲು ಹೋಯಿತು, ಕಲ್ಲಿನ ಜೊತೆ ಹಾಡೂ ಹೋಯಿತು. ಇದು ನಿಜ, ಇದರ ನೋವು ನನಗೂ ಇದೆ. ಹಲಸಂಗಿಯ ಗೆಳೆಯರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸದಿದ್ದರೆ, ಉತ್ತರ ಕರ್ನಾಟಕದ ತ್ರಿಪದಿಗಳಲ್ಲಿ ಎಷ್ಟೋ ನಮ್ಮ ಕೈಗೆ ಸಿಗುತ್ತಿರಲಿಲ್ಲ. ಆದರೆ ಆ ಹಾಡುಗಳಲ್ಲಿ ಏನಿದೆ ಎಂದೂ ಕೇಳಿಕೊಳ್ಳಬೇಕು. ತವರಿನ ಹಂಬಲ, ಅಣ್ಣ ಬರಲಿಲ್ಲವೆಂಬ ಸಂಕಟ, ಅತ್ತೆ ನಾದಿನಿಯರ ಮಾತಿನ ಚುಚ್ಚು. ಎದುರಿಗೆ ಹೇಳಲಾಗದ್ದನ್ನು ಕಲ್ಲಿನ ಸದ್ದಿನಲ್ಲಿ ಮುಚ್ಚಿ ಹೇಳಿಕೊಂಡರು. ಹಾಡು ಹುಟ್ಟಿದ್ದು ಕಲ್ಲಿನಿಂದಲ್ಲ, ಕಲ್ಲಿನ ಎರಡೂ ಕಡೆ ಇಬ್ಬರು ಕೂತದ್ದರಿಂದ. ನಾವು ಕಳೆದುಕೊಂಡದ್ದು ಆ ಎದುರು ಕೂತವಳನ್ನು. ಗಿರಣಿಯಲ್ಲಿ ಡಬ್ಬಿ ಇಟ್ಟು ಸರತಿಗೆ ನಿಲ್ಲುವಾಗ ಸ್ವಲ್ಪ ದಿನ ಅವಳು ಮತ್ತೆ ಸಿಗುತ್ತಿದ್ದಳು. ಈಗ ಡಬ್ಬಿ ಮೋಟಾರ್ ಸೈಕಲ್ಲಿನ ಮೇಲೆ ಹೋಗಿ ಬರುತ್ತದೆ. ಮನೆಗೆ ನಳ ಬಂದ ಮೇಲೆ ಬಾವಿಕಟ್ಟೆಯಲ್ಲೂ ಅವಳಿಲ್ಲ. ದುಡಿತ ಇಳಿದದ್ದು ಲಾಭವೇ, ಒಂದು ಕೊಡದಷ್ಟೂ ಅದನ್ನು ಮರಳಿ ಕೇಳಲಾರೆ. ನನ್ನ ಕೊರಗು ಇಷ್ಟೇ: ನಮ್ಮಲ್ಲಿ ಹೆಂಗಸರು ಕೂಡುತ್ತಿದ್ದದ್ದು ಕೆಲಸದ ನೆವದಿಂದ ಮಾತ್ರ, ಕೆಲಸ ಹೋದಾಗ ಕೂಡುವ ಜಾಗವೂ ಅದರ ಬೆನ್ನಿಗೆ ಹೋಯಿತು.

ಹಾಗಾದರೆ ಉಳಿದ ಹೊತ್ತು ಎಲ್ಲಿ ಹೋಯಿತು? ಹೊಲಕ್ಕೆ ಹೋಗಿ ನೋಡಿದರೆ ಉತ್ತರದ ಒಂದು ತುದಿ ಸಿಗುತ್ತದೆ. ರಂಟೆ ಹೊಡೆಯುವುದು, ಹರಗುವುದು, ಬಿತ್ತುವುದು ಗಂಡಸರ ಕೆಲಸವಾಗಿದ್ದವು, ಅಲ್ಲಿಗೆ ಟ್ರ್ಯಾಕ್ಟರ್ ಬಂತು. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಹೆಂಗಸರ ಕೆಲಸ. ಬೈಲಹೊಂಗಲದ ಸುತ್ತ ಇಂದಿಗೂ ಹತ್ತಿ ಬಿಡಿಸುವುದು ಬೆರಳಿನಿಂದಲೇ, ನಡು ಬಗ್ಗಿಸಿ, ಉಡಿ ಕಟ್ಟಿಕೊಂಡು. ಯಂತ್ರಗಳು ಮೊದಲು ಬಂದದ್ದು ಕೂಲಿ ಹೆಚ್ಚು ಇದ್ದ ಕೆಲಸಕ್ಕೆ. ಅಗ್ಗದ ಕೈಗಳು ಸಿಗುವಲ್ಲಿ ಯಂತ್ರ ತರುವ ಅವಸರ ಯಾರಿಗಿದೆ? ಮನೆಯಲ್ಲಿ ಬೀಸುವುದರಿಂದ ಉಳಿದ ಎರಡು ತಾಸು ಹೀಗೆ ಹೊಲದಲ್ಲಿ ಇನ್ನೆರಡು ಸಾಲು ಹತ್ತಿಯಾಯಿತು. ರಾಮದುರ್ಗದ ಮಗ್ಗದ ಮನೆಗಳಲ್ಲೂ ಕತೆ ಬೇರೆ ಅಲ್ಲ. ಲಾಳಿ ಆಡಿಸುವವನು ನೇಕಾರ ಅನ್ನಿಸಿಕೊಂಡ. ರಾಟಿ ತಿರುಗಿಸಿ ಕಂಡಿಕೆ ಸುತ್ತಿಕೊಟ್ಟವಳ ಕೆಲಸ ಮನೆಗೆಲಸದ ಲೆಕ್ಕಕ್ಕೇ ಹೋಯಿತು. ಕಂಡಿಕೆ ಇಲ್ಲದೆ ಒಂದು ಗೇಣು ಸೀರೆಯೂ ಆಗುವುದಿಲ್ಲ.

ಇದು ನಮ್ಮ ಸೀಮೆಯ ಮುದುಕಿಯ ಗೊಣಗಾಟ ಅಲ್ಲ ಎಂಬುದಕ್ಕೆ ಸರಕಾರದ ಲೆಕ್ಕವೇ ಇದೆ. ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು 2019ರಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುತ್ತಿದ್ದದ್ದು ದಿನಕ್ಕೆ 299 ನಿಮಿಷ, ಗಂಡಸರಲ್ಲಿ ಅಂಥ ಕೆಲಸಕ್ಕೆ ಕೈ ಹಾಕುವವರು 97 ನಿಮಿಷ. ಅದೇ ಸಮೀಕ್ಷೆ 2024ರಲ್ಲಿ ಮತ್ತೆ ನಡೆದಾಗ ಹೆಂಗಸರದು 289ಕ್ಕೆ ಇಳಿದಿತ್ತು, ಗಂಡಸರದು 88ಕ್ಕೆ. ಮಿಕ್ಸರು, ಕುಕ್ಕರು, ಗ್ಯಾಸು ಮನೆ ಮನೆಗೆ ಹೊಕ್ಕ ಈ ಕಾಲದಲ್ಲಿ ಐದು ವರ್ಷಕ್ಕೆ ಹತ್ತು ನಿಮಿಷ! ಗಂಡಸರು ತಮ್ಮದರಲ್ಲಿ ಒಂಬತ್ತು ನಿಮಿಷ ಕಡಿಮೆ ಮಾಡಿಕೊಂಡರು. ಅಂತರ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಕಸುವು ಬೇಡುವ ಕೆಲಸ ಕಡಿಮೆಯಾದಂತೆ ಕಾಯುವ ಕೆಲಸ ಹೆಚ್ಚಿತು. ಮಕ್ಕಳ ಸಾಲಿ, ಟ್ಯೂಷನ್, ಸಂಘದ ಕಂತು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು, ಮುದುಕರ ಔಷಧ, ಎಲ್ಲವೂ ಅವಳ ತಲೆಯ ಮೇಲೇ ಬಂದವು.

ನಮ್ಮ ಭಾಗದಲ್ಲಿ ಇದನ್ನು ಎತ್ತಿ ಆಡಿದರೆ ಒಂದು ಹೊಗಳಿಕೆ ಅಡ್ಡ ಬರುತ್ತದೆ. ನೀವು ಚೆನ್ನಮ್ಮನ ನಾಡಿನವರು, ಬೆಳವಡಿ ಮಲ್ಲಮ್ಮನ ನಾಡಿನವರು, ನಿಮಗೆ ದಣಿವೇ ಇಲ್ಲ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಮಾತು ಹೆಗಲಿಗೆ ಇನ್ನೊಂದು ಹೊರೆ ಏರಿಸುತ್ತದೆ. ಕಿತ್ತೂರಿನ ರಾಣಿ 1824ರಲ್ಲಿ ಕಂಪನಿಯ ಸೈನ್ಯದ ಎದುರು ನಿಂತದ್ದು ದತ್ತು ಮಗನ ಹಕ್ಕಿಗಾಗಿ, ತನ್ನ ರಾಜ್ಯದ ವಿಷಯದಲ್ಲಿ ತನ್ನ ಮಾತು ನಡೆಯಬೇಕೆಂಬ ಹಟಕ್ಕಾಗಿ. ಆ ಅಕ್ಟೋಬರ್ 23ರ ಗೆಲುವನ್ನು ಕಿತ್ತೂರು ಉತ್ಸವದಲ್ಲಿ ನೆನೆಯುತ್ತೇವೆ. ಕೊನೆಗೆ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ಆಕೆ ತೀರಿಕೊಂಡಳು, ಸಮಾಧಿ ಅಲ್ಲೇ ಇದೆ. ಸಹಿಸಿಕೊಂಡದ್ದಕ್ಕೆ ಅವಳ ಹೆಸರು ಉಳಿದದ್ದಲ್ಲ, ಒಲ್ಲೆ ಎಂದದ್ದಕ್ಕೆ. ಹಾಗಿರುವಾಗ ಸಹನೆಯ ಪಾಠ ಹೇಳಲು ಅವಳ ಹೆಸರು ತೆಗೆಯುವುದು ಅವಳಿಗೆ ಮಾಡುವ ಅನ್ಯಾಯ.

ಒಲ್ಲೆ ಎನ್ನಲು ಬಾರದ ಹೆಂಗಸರಿಗೆ ಬಿಡುವು ಸಿಗುತ್ತಿದ್ದ ದಾರಿ ಒಂದೇ, ದೇವರು ಮತ್ತು ಹಬ್ಬ. ನಾಗರ ಪಂಚಮಿಗೆ ತವರು ಮತ್ತು ಜೋಕಾಲಿ, ಸೀಗಿ ಹುಣ್ಣಿಮೆಗೆ ಹೊಲ, ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಎಲ್ಲಮ್ಮನ ಗುಡ್ಡ. ಚಕ್ಕಡಿ ಹೂಡಿ, ಉಧೋ ಉಧೋ ಎನ್ನುತ್ತ ಹೋಗುವ ಆ ಮೂರ್ನಾಲ್ಕು ದಿನ ಅವಳು ಊರು ಬಿಟ್ಟು ಹೊರಗಿನ ಗಾಳಿ ಕುಡಿಯುವ ದಿನಗಳು. ಅಲ್ಲಿ ಹೋದರೂ ಮೂರು ಕಲ್ಲು ಹೂಡಿ, ಹೋಳಿಗೆ ಕಡಬು ಮಾಡಿ, ಪಡಲಗಿ ತುಂಬಿಸುವವಳು ಅವಳೇ. ಅದೇ ಗುಡ್ಡದ ಹೆಸರಿನಲ್ಲಿ ಬಡ ದಲಿತ ಮನೆಗಳ ಹುಡುಗಿಯರಿಗೆ ಮುತ್ತು ಕಟ್ಟಿ, ದೇವದಾಸಿಯರನ್ನಾಗಿ ಮಾಡಿ, ಅವರ ಇಡೀ ಬಾಳನ್ನೇ ಕಿತ್ತುಕೊಂಡದ್ದನ್ನು ಮರೆತು ಈ ಜಾತ್ರೆಯ ಮಾತಾಡಬಾರದು. ಅದನ್ನು ತಡೆಯಲು 1982ರಲ್ಲಿ ಕಾಯ್ದೆಯೇ ಬೇಕಾಯಿತು.

ಹಬ್ಬ ಹರಕೆಯ ನೆವವಿಲ್ಲದೆಯೂ ಊರು ಬಿಡುವ ದಾರಿ ಈಚೆಗೆ ತೆರೆಯಿತು. ಆದರೆ 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡು ಬೇಡವಾದಾಗ, ಕೆಲಸವಿಲ್ಲದೆ ತಿರುಗುತ್ತಾರೆ ಎಂಬ ದೂರು ಎದ್ದಿತು. ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿದ್ದು, ಸಾಲಿಗೆ ಹೋಗುವ ಮಕ್ಕಳು ಬಾಗಿಲಿಗೆ ಜೋತು ಬಿದ್ದದ್ದು ಖರೆ. ಬಸ್ಸು ಹೆಚ್ಚಿಸಬೇಕೆಂದು ಕೇಳುವುದು ನ್ಯಾಯ. ಆದರೆ ಕೆಲಸವಿಲ್ಲದೆ ಎಂಬ ಮಾತಿನಲ್ಲೇ ನನ್ನ ವಾದವೆಲ್ಲ ಅಡಗಿದೆ. ಗಂಡಸು ಸಂತೆಗೆ ಹೋಗಿ ಚಹಾ ಕುಡಿದು ಬಂದರೆ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಹೆಣ್ಣುಮಗಳು ಸವದತ್ತಿಗೆ ಹೋದರೆ ಹರಕೆ ಇರಬೇಕು, ಬೈಲಹೊಂಗಲಕ್ಕೆ ಹೋದರೆ ದವಾಖಾನೆ ಇರಬೇಕು. ಕಾರಣವಿಲ್ಲದೆ ಅರ್ಧ ದಿನ ಹೋಗಿ ಬರುವುದೇ ಅವಳ ಪಾಲಿಗೆ ಹೊಸದು, ಆ ಅರ್ಧ ದಿನ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂಬುದು ಇನ್ನೂ ತೀರದ ಪ್ರಶ್ನೆ. ಅವಳಿಗೂ ಮೊಬೈಲು ಇದೆಯಲ್ಲ, ಅದೇ ಬಿಡುವಲ್ಲವೇ ಎನ್ನುವವರೂ ಇದ್ದಾರೆ. ಮೊಬೈಲಿನಲ್ಲಿ ದೂರದ ಮಗಳ ದನಿ ಕೇಳುತ್ತದೆ, ಅದು ದೊಡ್ಡ ಮಾತು. ಆದರೆ ಪಲ್ಯ ಕುದಿಯುವಷ್ಟರಲ್ಲಿ ನೋಡಿದ ಎರಡು ವಿಡಿಯೊ ಯಾರನ್ನೂ ಎದುರಿಗೆ ಕೂಡಿಸುವುದಿಲ್ಲ.

ಗ್ರಾಮ ಪಂಚಾಯತಿಯಲ್ಲಿ ಅರ್ಧದಷ್ಟು ಸ್ಥಾನ ಈಗ ಹೆಂಗಸರದು. ನಮ್ಮ ಊರುಗಳಲ್ಲಿ ಗಂಡಸರಿಗೆ ಅಗಸಿ ಇದೆ, ಗುಡಿಯ ಕಟ್ಟೆ ಇದೆ, ಚಹಾದಂಗಡಿಯ ಬಾಕು ಇದೆ. ಹೆಂಗಸರಿಗೆ ಅಂಥ ಜಾಗವಿಲ್ಲ. ಪಂಚಾಯತಿಯಲ್ಲಿ ಗೆದ್ದು ಕೂತ ಹೆಣ್ಣುಮಕ್ಕಳನ್ನು ನಾನು ಕೇಳುವುದು ಒಂದು ಬೇವಿನ ಮರ, ಅದರ ಸುತ್ತ ಒಂದು ಕಲ್ಲಿನ ಕಟ್ಟೆ, ಸಂಜೆಗೆ ಒಂದು ದೀಪ. ಅದರ ಹತ್ತಿರ ನಳವನ್ನಾಗಲಿ ಗಿರಣಿಯನ್ನಾಗಲಿ ಹಾಕುವುದು ಬೇಡ. ಅಲ್ಲಿಗೆ ಬರುವವಳ ಕೈಯಲ್ಲಿ ಕೊಡ ಇರಬಾರದು, ಡಬ್ಬಿಯೂ ಇರಬಾರದು.