‘ಹೆಂಗೆ ಗೊತ್ತಾತು ಸರ್?’: ಮಾಯಕೊಂಡದಲ್ಲಿ ಪರಮಾಣು ಪಾಠ

ಮಾಯಕೊಂಡದ ಸುತ್ತಲ ಹಳ್ಳಿಗಳಿಂದ ಬರುವ ಒಂಬತ್ತನೇ ತರಗತಿಯ ಮಕ್ಕಳಿಗೆ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುವವನು ನಾನು. ಮೊದಮೊದಲು ‘ಪರಮಾಣುವಿನ ರಚನೆ’ ಪಾಠವನ್ನು ಚಿತ್ರದಿಂದಲೇ ಶುರು ಮಾಡುತ್ತಿದ್ದೆ. ಬೋರ್ಡಿನ ಮೇಲೆ ವೃತ್ತ, ನಡುವೆ ಪ್ರೋಟಾನ್, ನ್ಯೂಟ್ರಾನ್, ಸುತ್ತ ಎಲೆಕ್ಟ್ರಾನ್. ಸೋಡಿಯಂ 2, 8, 1 ಎಂದು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಯಾರೂ ನೋಡಿಲ್ಲ ಅಂದ್ಮೇಲೆ, ಒಳಗೆ ಹಿಂಗೇ ಇದೆ ಅಂತ ಹೆಂಗೆ ಗೊತ್ತಾತು ಸರ್?” ನನ್ನ ಪಾಠದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆಮೇಲೆ ಇಡೀ ಪಾಠವನ್ನು ಅವಳ ಪ್ರಶ್ನೆಯ ಸುತ್ತಲೇ ಕಟ್ಟುತ್ತಾ ಬಂದಿದ್ದೇನೆ. ಅದರಿಂದ ನಾನು ಕಲಿತದ್ದು ಇವು.

1. ಪದಗಳ ಗೊಂದಲವನ್ನು ಮೊದಲ ದಿನವೇ ಬಿಡಿಸಬೇಕು

ಮಕ್ಕಳು ‘ಅಣುಬಾಂಬ್’ ಕೇಳಿರುತ್ತಾರೆ, ಕೈಗಾದ ‘ಅಣು ವಿದ್ಯುತ್ ಸ್ಥಾವರ’ದ ಸುದ್ದಿ ಓದಿರುತ್ತಾರೆ. ಅಲ್ಲಿ ಅಣು ಅಂದರೆ ಪರಮಾಣು. ಪಠ್ಯದಲ್ಲಿ ಮಾತ್ರ ಅಣು ಅಂದರೆ ಪರಮಾಣುಗಳು ಸೇರಿ ಆದದ್ದು. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಕೂಡಿದರೆ ನೀರಿನ ಅಣು. ‘ನ್ಯೂಕ್ಲಿಯಸ್’ ಎಂದೊಡನೆ ಜೀವಕೋಶ ನೆನಪಾಗಿ, “ಪರಮಾಣುವಿಗೂ ಜೀವ ಇದೆಯಾ?” ಎಂದು ಕೇಳಿದವರಿದ್ದಾರೆ. ‘ಕವಚ’ ಎಂದರೆ ಶೇಂಗಾ ಸಿಪ್ಪೆಯಂಥ ಗಟ್ಟಿ ಹೊದಿಕೆ ಅಂದುಕೊಳ್ಳುತ್ತಾರೆ. ‘ಆವೇಶ’ವಂತೂ ಅವರಿಗೆ ದೇವರು ಮೈಮೇಲೆ ಬರುವುದು. ಈ ನಾಲ್ಕು ಪದಗಳನ್ನು ಬೋರ್ಡಿನ ಮೇಲೆ ಬರೆದು, ಊರಲ್ಲಿ ಏನು ಅರ್ಥ, ಪಾಠದಲ್ಲಿ ಏನು ಅರ್ಥ ಎಂದು ಅವರ ಬಾಯಲ್ಲೇ ಹೇಳಿಸುತ್ತೇನೆ. ಆ ಒಂದು ಪಿರಿಯಡ್ ಮುಂದಿನ ಐದು ಪಿರಿಯಡ್‌ಗಳನ್ನು ಉಳಿಸಿದೆ.

2. ರಚನೆಗೆ ಮುಂಚೆ ವಿದ್ಯುದಾವೇಶವನ್ನು ಕೈಯಲ್ಲೇ ತೋರಿಸಬೇಕು

ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಎತ್ತುತ್ತದೆ. ಕೂದಲಿಗೆ ಉಜ್ಜಿ ದಾರಕ್ಕೆ ಕಟ್ಟಿದ ಎರಡು ಬಲೂನುಗಳು ದೂರ ಸರಿಯುತ್ತವೆ. ಸೆಳೆತ, ತಳ್ಳಾಟ ಎರಡನ್ನೂ ಕಂಡ ಮೇಲೆ ಧನ, ಋಣ ಎಂಬ ಮಾತಿಗೆ ಅರ್ಥ ಬರುತ್ತದೆ. ಎಣ್ಣೆ ಹಚ್ಚಿದ ತಲೆಯಾದರೆ ಈ ಪ್ರಯೋಗ ಆಗುವುದಿಲ್ಲ. ಮಳೆಗಾಲದ ತೇವದಲ್ಲೂ ಕೈಕೊಡುತ್ತದೆ. ಒಣ ಬಿಸಿಲಿನ ದಿನ ನೋಡಿ ಮಾಡಬೇಕು. ಕೈಕೊಟ್ಟ ದಿನ ಯಾಕೆ ಕೈಕೊಟ್ಟಿತು ಎಂದು ಮಕ್ಕಳಿಂದಲೇ ಹೇಳಿಸಬೇಕು.

3. ರಟ್ಟನ್ನು ಎತ್ತಿ ತೋರಿಸಬಾರದು

ನಾಲ್ಕು ಮೂಲೆಗೆ ಇಟ್ಟಿಗೆ ಚೂರು ಕೊಟ್ಟು ಅಗಲವಾದ ರಟ್ಟು ಇಡುತ್ತೇನೆ. ಅಡಿಯಲ್ಲಿ, ಕಾಣದಂತೆ, ಒಂದು ಮರದ ತುಂಡು. ಮಕ್ಕಳು ಪಕ್ಕದಿಂದ ಗೋಲಿ ಉರುಳಿಸಿ, ಎಲ್ಲಿ ಹೋಯಿತು, ಎಲ್ಲಿ ಹೊರಬಂತು ಎಂದು ಗೆರೆ ಹಾಕಬೇಕು. ಹಲವು ಗೋಲಿಗಳು ನೇರ ಹೋಗುತ್ತವೆ, ಕೆಲವು ಓರೆಯಾಗುತ್ತವೆ, ಒಂದೆರಡು ಬಂದ ದಾರಿಯಲ್ಲೇ ವಾಪಸ್ ಬರುತ್ತವೆ. ಗೆರೆಗಳನ್ನು ನೋಡಿ ಒಳಗಿನ ತುಂಡು ಎಲ್ಲಿದೆ, ಎಷ್ಟು ದೊಡ್ಡದು ಎಂದು ಅವರೇ ಬರೆಯುತ್ತಾರೆ. ಕೊನೆಗೆ “ಎತ್ತಿ ತೋರಿಸಿ ಸರ್” ಎಂದು ಗೋಗರೆಯುತ್ತಾರೆ. ಮೊದಲು ಎತ್ತುತ್ತಿದ್ದೆ, ಈಗ ಎತ್ತುವುದಿಲ್ಲ. ಪರಮಾಣುವಿನ ನ್ಯೂಕ್ಲಿಯಸ್ಸನ್ನು ಕಂಡುಹಿಡಿದ ರುದರ್‌ಫೋರ್ಡ್ ಅವರಿಗೂ ಎತ್ತಿ ನೋಡುವ ದಾರಿ ಇರಲಿಲ್ಲ. ಕಾಣದ್ದನ್ನು ಸಾಕ್ಷ್ಯದ ಬಲದ ಮೇಲೆ ಒಪ್ಪುವುದು ಎಂದರೇನೆಂದು ಮಕ್ಕಳಿಗೆ ತಿಳಿಯುವುದು ಆ ಮುಚ್ಚಿದ ರಟ್ಟಿನಿಂದಲೇ.

4. ಬಿದ್ದುಹೋದ ಮಾದರಿಯನ್ನೂ ಗೌರವದಿಂದ ಕಲಿಸಬೇಕು

ಪರಮಾಣುವನ್ನು ಒಡೆಯಲಾಗದು ಎಂದು ಡಾಲ್ಟನ್ ತಿಳಿದಿದ್ದರು. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. ಥಾಮ್ಸನ್ ಮಾದರಿಗೆ ಕೊಡುವ ಕ್ರಿಸ್‌ಮಸ್ ಪುಡಿಂಗ್ ಹೋಲಿಕೆ ನಮ್ಮ ಮಕ್ಕಳಿಗೆ ಅಪರಿಚಿತ, ಕಲ್ಲಂಗಡಿ ಗೊತ್ತು: ಕೆಂಪು ತಿರುಳು ಧನಾವೇಶ, ಬೀಜ ಎಲೆಕ್ಟ್ರಾನ್. ಆಮೇಲೆ ಕೇಳುತ್ತೇನೆ: “ಒಳಗೆಲ್ಲ ಮೆತ್ತನೆ ತಿರುಳೇ ಆಗಿದ್ದರೆ ಗೋಲಿ ವಾಪಸ್ ಬರುತ್ತಿತ್ತೇ?” 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ, ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ, ತೆಳು ಲೋಹದ ಹಾಳೆಗೆ ಧನಾವೇಶದ ಆಲ್ಫಾ ಕಣಗಳನ್ನು ಹೊಡೆದಾಗ ಸಾವಿರಾರರಲ್ಲಿ ಒಂದು ಹಿಂದಕ್ಕೆ ಚಿಮ್ಮಿತು. ಅದನ್ನು ಎಣಿಸಿದ ಗೈಗರ್ ಮತ್ತು ಮಾರ್ಸ್‌ಡೆನ್‌ರಲ್ಲಿ ಮಾರ್ಸ್‌ಡೆನ್ ಆಗಿನ್ನೂ 20 ವರ್ಷದ ವಿದ್ಯಾರ್ಥಿ ಎಂದಾಗ ಹಿಂದಿನ ಬೆಂಚೂ ಕಿವಿಗೊಡುತ್ತದೆ. ಇದನ್ನು ಕನ್ನಡದಲ್ಲಿ ಕಥೆಯಾಗಿ ಹೇಳಬಹುದೆಂಬ ಧೈರ್ಯ ನನಗೆ ಬಂದದ್ದು ‘ಪರಮಾಣು ಚರಿತ್ರೆ’ ಬರೆದ ಜೆ.ಆರ್. ಲಕ್ಷ್ಮಣರಾವ್ ಅವರಿಂದ. ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಅವರು 1921ರಲ್ಲಿ ಹುಟ್ಟಿದ್ದು ಈಗ ನಮ್ಮ ಜಿಲ್ಲೆಗೇ ಸೇರಿದ ಜಗಳೂರಿನಲ್ಲಿ ಎಂದು ಮಕ್ಕಳಿಗೆ ಹೇಳದೆ ಪಾಠ ಮುಗಿಸುವುದಿಲ್ಲ.

5. ಅಳತೆಯನ್ನು ಕಾಲಿನಿಂದ ನಡೆಸಿ ಕಲಿಸಬೇಕು

ಪಠ್ಯದ ಚಿತ್ರದಲ್ಲಿ ನ್ಯೂಕ್ಲಿಯಸ್ ನಿಂಬೆಹಣ್ಣಿನಷ್ಟು, ಎಲೆಕ್ಟ್ರಾನ್ ಬೆರಳ ದೂರದಲ್ಲಿ. ಪರಮಾಣುವಿನ ಅಡ್ಡಳತೆ ನ್ಯೂಕ್ಲಿಯಸ್ಸಿನದಕ್ಕಿಂತ ಹೆಚ್ಚುಕಡಿಮೆ 1 ಲಕ್ಷ ಪಟ್ಟು. ಒಂದೂವರೆ ಮಿಲಿಮೀಟರಿನ ರಾಗಿಕಾಳನ್ನು ಮೈದಾನದ ನಡುವೆ ಇಟ್ಟರೆ ಪರಮಾಣುವಿನ ಅಂಚು 75 ಮೀಟರ್ ದೂರ. ಟೇಪು ಹಿಡಿದು ಹೊರಟ ಮಕ್ಕಳು ಬೇಲಿ ದಾಟಿ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ನಿಲ್ಲುತ್ತಾರೆ. “ನಡುವೆ ಏನಿದೆ?” ಎಂದರೆ “ಗಾಳಿ” ಎನ್ನುತ್ತಾರೆ. ಆ ಉತ್ತರಕ್ಕಾಗಿಯೇ ನಾನು ಕಾಯುತ್ತಿರುತ್ತೇನೆ. ಗಾಳಿಯೂ ಪರಮಾಣುಗಳಿಂದಲೇ ಆದದ್ದು. ಪರಮಾಣುವಿನ ಒಳಗೆ ಗಾಳಿಗೆ ಜಾಗವಿಲ್ಲ. ಅಷ್ಟೂ ಬಯಲಿನ ತೂಕದಲ್ಲಿ ಶೇ 99.9ಕ್ಕೂ ಹೆಚ್ಚು ಆ ರಾಗಿಕಾಳಿನಲ್ಲೇ ಇದೆ ಎಂದ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆ ಮೌನವನ್ನು ಮುರಿಯಬಾರದು.

6. ಉತ್ತರವನ್ನು ಒಂದು ರಾತ್ರಿ ತಡೆದಿಡಬೇಕು

ಹೀಲಿಯಂನಲ್ಲಿ ಪ್ರೋಟಾನ್ ಎರಡು, ತೂಕ ಮಾತ್ರ ಹೈಡ್ರೋಜನ್ನಿನ ನಾಲ್ಕರಷ್ಟು. ಉಳಿದ ತೂಕ ಯಾರದು? ಇಷ್ಟು ಬರೆದು ಗಂಟೆ ಹೊಡೆಸುತ್ತೇನೆ. ಮರುದಿನ ಯಾರಾದರೊಬ್ಬರು “ಆವೇಶ ಇಲ್ಲದ್ದು ಏನೋ ಇರಬೇಕು” ಎನ್ನುತ್ತಾರೆ. 1920ರಲ್ಲಿ ರುದರ್‌ಫೋರ್ಡ್ ಊಹಿಸಿದ್ದೂ ಅದನ್ನೇ. ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದು 1932ರಲ್ಲಿ.

7. ಸಮಸ್ಥಾನಿಗಳಿಗೆ ಜೋಳದ ಚೀಲ ಸಾಕು

ಸಮಸ್ಥಾನಿಗಳೆಂದರೆ ಒಂದೇ ಧಾತುವಿನ, ನ್ಯೂಟ್ರಾನ್ ಸಂಖ್ಯೆ ಬೇರೆಯಾದ ಪರಮಾಣುಗಳು. ಕ್ಲೋರಿನ್ನಿನ ಪರಮಾಣು ರಾಶಿ 35.5 ಎಂಬುದು ಮಕ್ಕಳನ್ನು ಕಾಡುತ್ತದೆ: ಅರ್ಧ ನ್ಯೂಟ್ರಾನ್ ಇರುತ್ತದೆಯೇ? 35 ಕೆ.ಜಿ.ಯ ಮೂರು ಚೀಲ, 37 ಕೆ.ಜಿ.ಯ ಒಂದು ಚೀಲ, ಸರಾಸರಿ ಎಷ್ಟು? 35.5. ಅಷ್ಟು ತೂಗುವ ಚೀಲ ಒಂದೂ ಇಲ್ಲ. ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ಹೋಗುವುದನ್ನು ಕಂಡ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

8. ಪರೀಕ್ಷೆಯಲ್ಲಿ ಚಿತ್ರದ ಜೊತೆ ಸಾಕ್ಷ್ಯವನ್ನೂ ಕೇಳಬೇಕು

ಬೋರ್ 1913ರಲ್ಲಿ ಕೊಟ್ಟ ವೃತ್ತಗಳು ಎಲೆಕ್ಟ್ರಾನ್ ಹಂಚಿಕೆಯ ಲೆಕ್ಕಕ್ಕೆ ಚೆನ್ನಾಗಿ ಒದಗುತ್ತವೆ. ಅವು ಫೋಟೊ ಅಲ್ಲ, ಮುಂದಿನ ತರಗತಿಗಳಲ್ಲಿ ಆ ಚಿತ್ರವೂ ಬದಲಾಗುತ್ತದೆ ಎಂದು ಈಗಲೇ ಹೇಳಿಡುತ್ತೇನೆ. ಚಿತ್ರ ಬರೆಯುವ ಪ್ರಶ್ನೆ ಇದ್ದೇ ಇರಲಿ. ಘಟಕ ಪರೀಕ್ಷೆಯಲ್ಲಿ ಅದರ ಜೊತೆಗೆ ಇನ್ನೊಂದು ಸೇರಿಸುತ್ತೇನೆ: ‘ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು ನೀನು ಯಾಕೆ ಒಪ್ಪುತ್ತೀಯ?’ ಚಿತ್ರವನ್ನೇ ಸರಿಯಾಗಿ ಬರೆಯಲಾಗದ ಹುಡುಗನೊಬ್ಬ ಅದಕ್ಕೆ ಒಂದೇ ಸಾಲು ಬರೆದಿದ್ದ: “ಗೋಲಿ ವಾಪಸ್ ಬಂತು, ಅದಕ್ಕೇ.” ಪೂರ್ತಿ ಅಂಕ ಕೊಟ್ಟೆ.