ಪಟ್ಟಿಯನ್ನು ನಂಬುವ ಮೊದಲು

ತಂಗೀ, ಯಾದಗಿರಿ ಜಿಲ್ಲೆಯ ಪ್ರೌಢಶಾಲೆಗೆ ನಿನಗೆ ನೇಮಕವಾಗಿದೆ ಎಂದು ಕೇಳಿ ಮನಸ್ಸು ತುಂಬಿತು. ‘ಫಲಿತಾಂಶದಲ್ಲಿ ಹಿಂದುಳಿದ ಜಿಲ್ಲೆಗೆ ಹೋಗುತ್ತಿದ್ದೀಯಲ್ಲ’ ಎಂದು ನಾಲ್ಕು ಜನ ಈಗಾಗಲೇ ನಿನ್ನ ಕಿವಿಗೆ ಹಾಕಿರುತ್ತಾರೆ. ಅವರ ಮಾತು ತಲೆಯಲ್ಲಿ ಕೂರುವ ಮೊದಲು ನನ್ನದೂ ಒಂದಿಷ್ಟು ಕೇಳು.

2023ರ ಎಸ್ಸೆಸ್ಸೆಲ್ಸಿ ಪಟ್ಟಿಯನ್ನು ತೆಗೆದು ನೋಡು. ಶೇ 96.80 ಪಡೆದ ಚಿತ್ರದುರ್ಗ ಮೊದಲು, ಶೇ 75.49 ಪಡೆದ ಯಾದಗಿರಿ ಕೊನೆ. ನಡುವಿನ ಅಂತರ ಸುಮಾರು 21. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಉಡುಪಿ ಶೇ 94ರೊಂದಿಗೆ ಮೇಲೇರಿತು, ಯಾದಗಿರಿ ಶೇ 50.59ಕ್ಕೆ ಇಳಿಯಿತು, ಅಂತರ 43 ದಾಟಿತು. ಹಿಂದಿನ ವರ್ಷ ಮೊದಲಿದ್ದ ಚಿತ್ರದುರ್ಗ 21ನೇ ಸ್ಥಾನಕ್ಕೆ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು. ಹನ್ನೆರಡು ತಿಂಗಳಲ್ಲಿ ಮಕ್ಕಳು ಕಲಿತದ್ದನ್ನೆಲ್ಲ ಮರೆತರೇ? ಇಲ್ಲ, ಅಳೆಯುವ ರೀತಿ ಬದಲಾಯಿತು. ಕೋವಿಡ್ ಕಾಲದ 2021ರಲ್ಲಿ ಪರೀಕ್ಷೆ ಬರೆದವರು ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಆ ವರ್ಷದ ಪಟ್ಟಿಯಲ್ಲಿ ಉಡುಪಿಗೂ ಯಾದಗಿರಿಗೂ ವ್ಯತ್ಯಾಸವೇ ಕಾಣದು. ಆದರೆ ಶಾಲೆ ಮುಚ್ಚಿ, ಕೈಯಲ್ಲಿ ಮೊಬೈಲ್ ಇಲ್ಲದೆ ಕೂತ ಮಕ್ಕಳ ಅಂತರ ಬೆಳೆದದ್ದೇ ಆ ವರ್ಷಗಳಲ್ಲಿ.

ಪಾಸಾದವರ ಶೇಕಡಾವಾರನ್ನು ನಾನು ಬಲವಾಗಿ ಅನುಮಾನಿಸುತ್ತೇನೆ. ಎಂಟು ಅಂಕದಿಂದ ಇಪ್ಪತ್ತೆಂಟಕ್ಕೆ ಏರಿದ ಹುಡುಗಿ ಅದರ ಲೆಕ್ಕದಲ್ಲಿ ಫೇಲು. ಪಾಸಿನ ಗೆರೆಗೆ ಒಂದೇ ಅಂಕ ಕಡಿಮೆಯಿದ್ದು ಅದನ್ನು ಮುಟ್ಟಿದ ಹುಡುಗ ಪಾಸು. ಇಬ್ಬರಲ್ಲಿ ಹೆಚ್ಚು ಕಲಿತವರು ಯಾರೆಂದು ಕೇಳುವವರಿಲ್ಲ. ಜನವರಿ ಬಂದರೆ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತದೆ, ಗೆರೆಯ ಹತ್ತಿರ ಇರುವವರನ್ನು ಮಾತ್ರ ಹಿಡಿದು ಎಳೆಯುತ್ತೇವೆ. ತೀರಾ ಕೆಳಗಿರುವ ಮಗು ಹಿಂದಿನ ಬೆಂಚಿನಲ್ಲೇ ಉಳಿಯುತ್ತದೆ. ಫಲಿತಾಂಶ ಏರಿದರೂ ಅಂತರ ಹಾಗೇ ಇರುವುದು ಹೀಗೆ. ಸಣ್ಣ ಶಾಲೆಗಳಿಗೆ ಈ ಲೆಕ್ಕ ಇನ್ನೂ ಅನ್ಯಾಯ ಮಾಡುತ್ತದೆ. ಹನ್ನೆರಡು ಮಕ್ಕಳ ತರಗತಿಯಲ್ಲಿ ಒಬ್ಬ ಜ್ವರದಲ್ಲೇ ಬರೆದು ಫೇಲಾದರೆ ಶೇ 8 ಹೋಯಿತು. ಅದಕ್ಕೂ ಮುಖ್ಯೋಪಾಧ್ಯಾಯರಿಗೆ ನೋಟಿಸು!

ಪರೀಕ್ಷೆಗೆ ಕೂರದ ಮಗು ಪಟ್ಟಿಯಲ್ಲೇ ಇರುವುದಿಲ್ಲ, ಇದನ್ನೂ ಮರೆಯಬೇಡ. ನೀನು ಹೋಗುತ್ತಿರುವ ಕಡೆ ಮಳೆ ಕೈಕೊಟ್ಟರೆ ಕುಟುಂಬಗಳು ಬೆಂಗಳೂರಿಗೋ ಬೇರೆ ಊರಿಗೋ ಗುಳೆ ಹೋಗುತ್ತವೆ. ಹತ್ತಿ ಬಿಡಿಸುವ ಕಾಲಕ್ಕೆ ಬೆಂಚುಗಳು ಖಾಲಿಯಾಗುತ್ತವೆ. ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವರು ಶೇಕಡಾವಾರಿನ ಹೊರಗೆ ಉಳಿಯುತ್ತಾರೆ, ಅವರನ್ನು ಬಿಟ್ಟು ಲೆಕ್ಕ ಹಾಕಿದ ಶಾಲೆಯೇ ಚೆನ್ನಾಗಿ ಕಾಣುತ್ತದೆ. ‘ಅಸರ್’ ಸಮೀಕ್ಷೆಯವರು ಶಾಲೆಯ ಬದಲು ಹಳ್ಳಿಯ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸುವುದು ಈ ಕಾರಣಕ್ಕೇ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪಠ್ಯ, ಎರಡನೇ ತರಗತಿ ಮಟ್ಟದ ಕಥೆ, ಓದಿಸುವುದು ಇಷ್ಟೇ. ಒಂದೊಂದು ಮಗುವಿನ ಎದುರೂ ಕೂತು ಕೇಳುತ್ತಾರೆ.

ಅಂತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜ, ಆಳವಾದದ್ದು. ಯಾದಗಿರಿಯೂ ಸೇರಿರುವ ಕಲ್ಯಾಣ ಕರ್ನಾಟಕ ಹಿಂದುಳಿದಿದೆ ಎಂದು 2002ರಲ್ಲೇ ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕು ತಾಲ್ಲೂಕಿನ ಲೆಕ್ಕ ಕೊಟ್ಟಿತು. ಆದರೆ ಅಂತರ ಯಾರದ್ದು ಎನ್ನುವುದನ್ನು ಸರಿಯಾಗಿ ತಿಳಿದುಕೋ. 2024ರಲ್ಲಿ ಹುಡುಗಿಯರು ಶೇ 81.11, ಹುಡುಗರು ಶೇ 65.90 ಪಾಸಾದರು. ಹುಡುಗರಿಗೆ ಬುದ್ಧಿ ಕಡಿಮೆ ಎಂದು ಒಬ್ಬರೂ ಹೇಳಲಿಲ್ಲ. ದುಡಿಮೆಗೆ ಹೋಗುತ್ತಾರೆ, ಓದಿನಲ್ಲಿ ಮನಸ್ಸಿಡುವುದಿಲ್ಲ ಎಂದು ಕಾರಣ ಹುಡುಕಿದೆವು. ಅದೇ ಅಂತರ ಲಂಬಾಣಿ ತಾಂಡಾದ ಮಕ್ಕಳಲ್ಲೋ ಊರಾಚೆಯ ಕೇರಿಯ ಮಕ್ಕಳಲ್ಲೋ ಕಂಡರೆ ಕಾರಣ ಹುಡುಕುವ ತಾಳ್ಮೆ ಇರುವುದಿಲ್ಲ, ‘ಅವರು ಹಾಗೇ’ ಎಂದುಬಿಡುತ್ತೇವೆ. ಆ ಮಾತು ಸ್ಟಾಫ್ ರೂಮಿನಲ್ಲಿ ಕಿವಿಗೆ ಬಿದ್ದರೆ ಸುಮ್ಮನೆ ತಲೆ ಆಡಿಸಬೇಡ. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಕನ್ನಡದ ಪ್ರಶ್ನೆಪತ್ರಿಕೆ ಕೊಟ್ಟು ವಿಜ್ಞಾನ ಅಳೆದೆವೆಂದರೆ, ಅಳೆದದ್ದು ವಿಜ್ಞಾನವೋ ಕನ್ನಡವೋ? ಆ ಶಾಲೆಯಲ್ಲಿ ಗಣಿತದ ಮೇಷ್ಟ್ರ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇತ್ತು? ಗುಂಪಿನ ಅಂಕದ ಪಕ್ಕದಲ್ಲಿ ಆ ಗುಂಪಿಗೆ ನಾವು ಕೊಟ್ಟದ್ದನ್ನೂ ಬರೆದಿಡು. ಆಗ ಅಂತರ ನಮ್ಮ ಕಡೆಗೇ ಬೊಟ್ಟು ಮಾಡುತ್ತದೆ.

ಇನ್ನು ನಿನ್ನ ತರಗತಿಯ ಮಾತು. ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಜೂನಿನ ಸೇತುಬಂಧವನ್ನು ಕಾಗದದ ಕೆಲಸ ಮಾಡಬೇಡ. ನೈದಾನಿಕ ಪರೀಕ್ಷೆಯ ಹಾಳೆಗಳನ್ನು ವರ್ಷದ ಕೊನೆಯವರೆಗೂ ಎತ್ತಿಟ್ಟುಕೋ. ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಅಂಕ ತುಂಬಿ ಕೈತೊಳೆದುಕೊಳ್ಳದೆ, ಹುಡುಗಿಯರು, ತಾಂಡಾದವರು, ಗುಳೆ ಹೋಗಿ ಬಂದವರು ಎಲ್ಲಿಂದ ಎಲ್ಲಿಗೆ ಬಂದರು ಎಂದು ನಿನ್ನದೇ ನೋಟ್‌ಬುಕ್ಕಿನಲ್ಲಿ ಗುರುತು ಮಾಡು. ಆ ಗುರುತುಗಳನ್ನು ಮಕ್ಕಳ ಮುಂದೆ ಮಾತ್ರ ಓದಬೇಡ, ‘ಸಿ ಗ್ರೇಡ್’ ಎಂಬ ಹೆಸರು ಕಿವಿಗೆ ಬಿದ್ದ ಮಗು ಅದನ್ನೇ ನಂಬಿಬಿಡುತ್ತದೆ.

ಮೊದಲ ವಾರದಲ್ಲೇ ಒಬ್ಬೊಬ್ಬರನ್ನೂ ಹತ್ತಿರ ಕೂರಿಸಿಕೊಂಡು ಒಂದು ಪುಟ ಓದಿಸು. ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಬಾರದವರ ಮನೆಗೆ ಹೋಗಿ ಬಾ.